ಮಿಲಿಟರಿ ಲಾರಿಯ ನೆಗ್ಗು

"ಗುರುಗಳೇ, ಹಿಂದೆ ನನ್ನಿಂದ ಒಂದು ತಪ್ಪಾಯಿತು. ಅದು ನನ್ನೊಬ್ಬನಿಗೇ ಗೊತ್ತು. ನೊಂದ ಮನೆಯವರೂ ಈಗ ಸುಮ್ಮನಾಗಿದ್ದಾರೆ. ಇಷ್ಟು ವರ್ಷಗಳ ಮೇಲೆ ಹೋಗಿ ಹೇಳಿ ಅವರ ನೆಮ್ಮದಿ ಕಲಕಬೇಕೇ?" ಎಂದು ಮುರಿಗೆಪ್ಪನೆಂಬ ಶಿಷ್ಯ ಕೇಳಿದ.

ಎಂತಹ ತಪ್ಪು ಎಂದು ಗುರುಗಳು ವಿಚಾರಿಸಲಿಲ್ಲ. ಈ ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಸೈನ್ಯ ಬೇಡವೆಂದು ಹರಾಜು ಹಾಕಿದ ಹಳೆಯ ವಾಹನಗಳೆಂದರೆ ಅವನಿಗೆ ಪ್ರಾಣ. ಯಾವುದೋ ಗುಜರಿಯಲ್ಲಿ ಜೀಪು ಕತ್ತರಿಸುತ್ತಾರೆಂದು ಕಿವಿಗೆ ಬಿದ್ದರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದ. ಹಾಗೆ ಒಮ್ಮೆ ಅವನಿಗೊಂದು ಮಿಲಿಟರಿ ಲಾರಿ ಸಿಕ್ಕಿತು. ಅಷ್ಟರಲ್ಲಾಗಲೇ ಅದರ ಹಿಂಬಾಗಿಲನ್ನು ಕತ್ತರಿಸಿಯಾಗಿತ್ತು.

ಎರಡು ವರ್ಷ ದುಡಿದ. ಎಂಜಿನ್ ಬಿಚ್ಚಿ ಕಟ್ಟಿದ. ಬಣ್ಣದ ಪದರಗಳನ್ನು ಕೆರೆದಾಗ ಅಡಿಯಲ್ಲಿ ಹಳೆಯ ನಂಬರು ಕಂಡಿತು. ಅದನ್ನೇ ಮತ್ತೆ ಬರೆಸಿದ. ಎಡಗಡೆಯ ಮಡ್‌ಗಾರ್ಡಿನಲ್ಲಿ ಒಂದು ದೊಡ್ಡ ನೆಗ್ಗು ಇತ್ತು. ಹದಿನೈದು ದಿನ ಸುತ್ತಿಗೆ ಹಿಡಿದು, ಹಾಡು ಗುನುಗುತ್ತ, ಅದನ್ನು ಬಡಿದು ಸಮ ಮಾಡಿದ. ಲಾರಿ ಕಾರ್ಖಾನೆಯಿಂದ ಈಗ ತಾನೇ ಬಂದ ಹಾಗೆ ನಿಂತಿತು. ಪೇಪರಿನಲ್ಲಿ ಅದರ ಫೋಟೋ ಬಂತು.

ವಾರದ ಮೇಲೆ ಇಬ್ಬರು ಬಂದರು. ಒಬ್ಬ ಸೈನ್ಯದಿಂದ ನಿವೃತ್ತನಾದ ಮುದುಕ, ಆ ಲಾರಿಯನ್ನು ಓಡಿಸಿದವನು. ಇನ್ನೊಬ್ಬಳು ಹಣೆತುಂಬ ಕುಂಕುಮವಿಟ್ಟ ಮುದುಕಿ. ಮುದುಕ ಲಾರಿಯ ಎಡಕ್ಕೆ ಹೋಗಿ ಮಡ್‌ಗಾರ್ಡನ್ನು ಸವರಿದ. ಮತ್ತೆ ಸವರಿದ.

"ಇಲ್ಲೊಂದು ನೆಗ್ಗಿತ್ತಲ್ಲ ತಮ್ಮಾ?"

"ಇತ್ತು ಯಜಮಾನರೇ. ಈಗ ನೀವೇ ಹುಡುಕಿದರೂ ಸಿಗಲ್ಲ!" ಎಂದು ಮೆಕ್ಯಾನಿಕ್ ಹೆಮ್ಮೆಯಿಂದ ನಕ್ಕ.

ಮುದುಕ ನೆಲದ ಮೇಲೆ ಕುಸಿದು ಕುಳಿತ. ಮುದುಕಿಯತ್ತ ನೋಡದೆ ಹೇಳಿದ. "ತಾಯಿ, ನಿಮ್ಮ ಯಜಮಾನರು ನನ್ನ ಜೊತೆ ಓಡಾಡಿದ ಲಾರಿ ನೋಡೋಣ ಬನ್ನಿ ಎಂದು ಕರೆತಂದೆ. ನಿಜ ಅದಲ್ಲ. ಆ ನೆಗ್ಗು ತೋರಿಸಿಯಾದರೂ ಬಾಯಿ ಬಿಡೋಣ ಎಂದುಕೊಂಡಿದ್ದೆ. ಆವತ್ತು ಬೆಟ್ಟದ ದಾರಿಯಲ್ಲಿ ಮಂಜು ಕವಿದಿತ್ತು. ಅವರು ಇಳಿದು ಮುಂದೆ ನಡೆಯುತ್ತ ನನಗೆ ದಾರಿ ತೋರಿಸುತ್ತಿದ್ದರು. ನನ್ನ ಲಾರಿಯೇ ಅವರಿಗೆ ಗುದ್ದಿತು, ನೆಗ್ಗಾದದ್ದು ಆಗಲೇ. ಕಮರಿಗೆ ಬಿದ್ದರು, ಕೆಳಗಿನ ಹೊಳೆ ಒಯ್ದುಬಿಟ್ಟಿತು. ಹೆದರಿ, ಅವರು ಸೈನ್ಯ ಬಿಟ್ಟು ಓಡಿಹೋದರು ಎಂದು ನಾನೇ ಸುಳ್ಳು ಹೇಳಿದೆ."

ತಾನು ಹದಿನೈದು ದಿನ ಬಡಿದದ್ದು ಏನನ್ನು ಎಂದು ಮೆಕ್ಯಾನಿಕ್‌ಗೆ ಆಗ ಹೊಳೆಯಿತು. ತನ್ನ ಅಂಗೈಗಳನ್ನು ತಾನೇ ನೋಡಿಕೊಂಡ.

ಮುದುಕಿ ಅಳಲಿಲ್ಲ. "ಓಡಿಹೋಗಲಿಲ್ಲವಾ?" ಎಂದಳು. ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ಹೇಳಿದಳು: "ನಲವತ್ತು ವರ್ಷ ದಿನಾ ಶಾಪ ಹಾಕಿದೆನಲ್ಲಪ್ಪಾ. ಬಾಗಿಲಿಗೆ ಬಂದು ನಿಂತರೂ ಒಂದು ಲೋಟ ನೀರು ಕೊಡಬೇಡ ಅಂತ ಮಗನಿಗೆ ಹೇಳಿಕೊಟ್ಟೆ. ಅವನು ಅಪ್ಪನ ಹೆಸರು ಹೇಳಲು ನಾಚಿಕೊಂಡೇ ಸತ್ತ."

ಲಾರಿ ಗುಜರಿಯಲ್ಲಿದ್ದಾಗ ತೆಗೆದ ಒಂದು ಫೋಟೋ ಮೆಕ್ಯಾನಿಕ್‌ನ ಬಳಿ ಇತ್ತು. ಅದರಲ್ಲಿ ನೆಗ್ಗು ಚೆನ್ನಾಗಿ ಕಾಣುತ್ತಿತ್ತು. ಅದನ್ನು ಹಿಡಿದು ಇಬ್ಬರನ್ನೂ ತಾನೇ ಸೈನ್ಯದ ಕಚೇರಿಗೆ ಕರೆದುಕೊಂಡು ಹೋದ. ಮುದುಕ ತಪ್ಪೊಪ್ಪಿ ಬರೆದುಕೊಟ್ಟ. ದಾಖಲೆಯಲ್ಲಿ ಓಡಿಹೋದವನು ಎಂದಿದ್ದ ಕಡೆ ಕರ್ತವ್ಯದಲ್ಲಿ ಮಡಿದವನು ಎಂದು ತಿದ್ದಿದರು. ಮುದುಕಿ ಆ ಕಾಗದ ತೆಗೆದುಕೊಂಡು ಮಗನ ಸಮಾಧಿಗೆ ಹೋಗಿ ಗಟ್ಟಿಯಾಗಿ ಓದಿದಳು.

ಗುರುಗಳು ಕತೆ ಮುಗಿಸಿದರು. ಮುರಿಗೆಪ್ಪನತ್ತ ತಿರುಗಿ ಕೇಳಿದರು:

"ನೀನು ಹೇಳಿದ ಆ ಮನೆಯವರು ಇಷ್ಟು ವರ್ಷ ಯಾರಿಗೆ ಶಾಪ ಹಾಕಿದ್ದಾರೆ?"