ಬೀಗದ ಕೈ ಕೊಟ್ಟವರು

"ಕೇಳ್ರಪ್ಪೋ ಕೇಳಿ! ಹುಲಿಕೆರೆ ದೊರೆಗಳ ಅಪ್ಪಣೆ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯವರನ್ನೂ ಅರ್ಧ ರಾಜ್ಯವನ್ನೂ ಧಾರೆ ಎರೆದು ಕೊಡಲಾಗುವುದು. ಬಿಡಿಸಲಾರದವನ ತಲೆ ಹೊತ್ತು ಮುಳುಗಿದ ಮೇಲೆ ಹೆಗಲ ಮೇಲಿರುವುದಿಲ್ಲ. ಆಮೇಲೆ ಹೇಳಲಿಲ್ಲ ಅನ್ನಬೇಡ್ರಪ್ಪೋ!"

ತಮಟೆಯವನು ಬೀದಿ ಸುತ್ತಿ ಬಂದಾಗ ಜವರ ಅರಮನೆ ಅಂಗಳದ ಕಟ್ಟೆಯ ಮೇಲೆ ಕಿತ್ತುಹೋದ ಚಪ್ಪಲಿಗೆ ದಾರ ಕಟ್ಟುತ್ತ ಕೂತಿದ್ದ. ಕಾಲು ಕರೆದ ಕಡೆ ನಡೆಯುವ ಆಸಾಮಿ. ಒಂದು ಕಾಲಕ್ಕೆ ಅವನಿಗೂ ಮನೆಯಿತ್ತು. ಕುರಿ ಹೊಡೆದುಕೊಂಡು ಹೋಗಿ ಬರುವಷ್ಟರಲ್ಲಿ, ಸಾಕಿದ ಸೋದರಮಾವನೇ ಬಾಗಿಲಿಗೆ ಹೊಸ ಬೀಗ ಜಡಿದಿದ್ದ. ಊರೆಲ್ಲ ನೋಡಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಹಳೆಯ ಬೀಗದ ಕೈ ಇನ್ನೂ ಅವನ ಉಡಿದಾರದಲ್ಲಿ ನೇತಾಡುತ್ತಿತ್ತು.

ಅಂಗಳದಲ್ಲಿ ಒಂದು ಕೆಂಪು ಕಾರು ಧೂಳು ಹೊದ್ದು ನಿಂತಿತ್ತು. ಆ ರಾಜ್ಯದಲ್ಲಿ ಆನೆಯೂ ಇತ್ತು, ಕಾರೂ ಇತ್ತು. ಕತೆಗೇನು ಅಡ್ಡಿ?

"ಯುಗಾದಿಗೆ ದೊರೆಗಳೇ ಮಗಳಿಗೆ ಕೊಡಿಸಿದ್ದು," ಅಂದ ಕಾವಲಿನವನು. "ಅಮ್ಮಣ್ಣಿ ದಿನಾ ಕೆರೆ, ಸಂತೆ ಅಂತ ತಾವೇ ಓಡಿಸ್ಕೊಂಡು ಹೋಗೋರು. ಈಗ ಅವರ ಕೈಗೆ ಕಾರು ಉಸಿರೇ ಬಿಡೋಲ್ಲ. ಯಾರ ಕಣ್ಣು ಬಿತ್ತೋ!"

ಅಷ್ಟರಲ್ಲಿ ದೊರೆ ಸಭೆಗೆ ಹೊರಟರು. ಎಲ್ಲರೂ ಹಣೆ ನೆಲ ಮುಟ್ಟುವಂತೆ ಬಗ್ಗಿದರು. ದಾರದ ಗಂಟನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದ ಜವರ ಬಗ್ಗುವುದನ್ನೇ ಮರೆತ. ದೊರೆ ಪಕ್ಕದಲ್ಲಿ ಹಾಯುತ್ತಲೇ ಕಾರು ಮಡಚಿದ್ದ ಎರಡೂ ಕನ್ನಡಿ ಬಿಚ್ಚಿ, ಸಾಕಿದವನನ್ನು ಕಂಡ ಹಸು ಕಿವಿ ನಿಮಿರಿಸುವ ಹಾಗೆ, ದೀಪ ಮಿಟುಕಿಸಿತು. ಜವರ ಗಂಟು ಬಿಟ್ಟು ಎದ್ದು ಸಭೆಯ ಹಿಂದೆ ಹೋಗಿ ನಿಂತ.

ರಾಜಕುಮಾರಿ ಸಿದ್ದಾಜಮ್ಮಣ್ಣಿ ಮೊದಲ ಒಗಟು ಹೇಳಿದಳು. "ಹಲ್ಲಿಲ್ಲದ ಕೈ. ದೂರದಿಂದಲೇ ಪಿಸುಗುಟ್ಟಿ ಬಾಗಿಲು ತೆಗೆಸುತ್ತೆ. ಅದರ ಜೀವ ಒಂದು ಬಿಲ್ಲೆಯಗಲ. ಜೀವ ಹೋದರೆ ಹೊಟ್ಟೆ ಬಿಚ್ಚಿ ನೋಡಿ, ಹಲ್ಲಿರೋ ಮರಿ ಸಿಗುತ್ತೆ. ಏನದು?"

ಕಡಲನಾಡಿನ ಯುವರಾಜ ಮೀಸೆ ತಿರುವಿ, "ಸೂಲಗಿತ್ತಿ!" ಅಂದ. ಸಭೆ ಘೊಳ್ಳೆಂದಿತು. ಅವನನ್ನು ಸೆರೆಗೆ ಎಳೆದೊಯ್ದರು.

ಬೆಟ್ಟದ ಪಾಳೆಯಗಾರ, "ಕಾರಿನ ಬೀಗದ ಕೈ," ಅಂದು ಮೊದಲನೆಯದನ್ನು ಗೆದ್ದ. ರಾಜಕುಮಾರಿ ಎರಡನೆಯದನ್ನು ಕೇಳಿದಳು. "ನನಗೊಬ್ಬ ಆಳಿದ್ದ. ಹೊಸಬರ ಗುರುತು ಹಿಡಿಸೋ ಹೊತ್ತಲ್ಲಿ ಹಳಬರೂ ಎದುರಿಗಿರಬೇಕು, ಇಲ್ಲದವರನ್ನ ಅವನು ಮರೆತೇಬಿಡ್ತಾನೆ. ಯಾರವನು?"

"ನಾಯಿ!"

"ನಾಯಿ ಯಾರನ್ನ ಮರೆತಿದೆ, ಸ್ವಾಮಿ?" ಅಂದಳು ಅವಳು. ಅವನೂ ಸೆರೆಗೆ ಹೋದ.

ದಳವಾಯಿಯ ಮಗ, "ಆ ಆಳು ಕಾರೇ," ಅಂದು ಎರಡನ್ನೂ ದಾಟಿದ. ದೊರೆ ಅಳಿಯನೆಂದು ಒಳಗೊಳಗೇ ಗೊತ್ತು ಮಾಡಿಕೊಂಡಿದ್ದದ್ದು ಇವನನ್ನೇ. ರಾಜಕುಮಾರಿಯ ದನಿ ತಗ್ಗಿತು. "ನನಗೆ ಎರಡು ಸಲ ಕೈ ಕೊಟ್ಟವರು ಒಬ್ಬರೇ. ಮೊದಲ ಸಲ ಕೊಟ್ಟಾಗ ನಕ್ಕೆ. ಎರಡನೇ ಸಲ ಕೊಟ್ಟಾಗ ಕಣ್ಣೀರಿಟ್ಟೆ. ಯಾರವರು?"

ದಳವಾಯಿಯ ಮಗ ದೊರೆಯ ಮುಖ ನೋಡಿದ. "ಅರಮನೆ ಡ್ರೈವರ್ ಕೆಂಚಯ್ಯ!"

"ಭೇಷ್!" ದೊರೆ ಸಿಂಹಾಸನದಿಂದ ಎದ್ದೇಬಿಟ್ಟರು. "ಹಿಡೀರಿ ಆ ಕೆಂಚಯ್ಯನ್ನ!"

"ಒಗಟು ನನ್ನದು, ಅಪ್ಪಾಜಿ. ಉತ್ತರ ತಪ್ಪು."

ಭಟರು ಅಷ್ಟರಲ್ಲಾಗಲೇ ಮುದುಕ ಕೆಂಚಯ್ಯನ ಎರಡೂ ತೋಳು ಹಿಡಿದಿದ್ದರು. ಉತ್ತರ ಬಲ್ಲವರೂ ಅಲ್ಲಿದ್ದರೇನೋ, ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು. ಅವತ್ತು ಜವರನ ಊರಿನವರು ನೋಡಿದ ಹಾಗೇ. ಜವರನ ಸೊಂಟದಲ್ಲಿ ಹಳೆಯ ಕೈ ತಣ್ಣಗೆ ಕೊರೆಯಿತು.

"ನಾನು ಹೇಳ್ತೀನಿ, ತಾಯಿ."

"ನಿನಗೆ ತಲೆ ಭಾರವಾಗಿದೆಯೇನೋ?" ದೊರೆ ಗದರಿದರು.

"ಹೊತ್ತು ತಿರುಗಿ ಸಾಕಾಗಿದೆ, ಬುದ್ದಿ," ಅಂದು ಜವರ ಮುಂದೆ ಬಂದ. "ಮೊದಲನೇದು ಕಾರಿನ ಬೀಗದ ಕೈ. ಬಿಲ್ಲೆಯಂಥ ಬ್ಯಾಟರಿ ಅದರ ಜೀವ, ಹೊಟ್ಟೆಯೊಳಗಿನ ಮರಿ ಕಬ್ಬಿಣದ ಕೈ. ಎರಡನೇದು ಕಾರು. ಹೊಸ ಕೈ ಕಲಿಸುವಾಗ ಹತ್ತಿರ ಇಲ್ಲದ ಹಳೇ ಕೈಯನ್ನ ಅದು ಮರೀತದೆ. ಮೂರನೇದಕ್ಕೆ ನನ್ನದೊಂದು ಪ್ರಶ್ನೆ. ಯುಗಾದಿಗೆ ನಿಮಗೆ ಬೀಗದ ಕೈ ಕೊಟ್ಟವರು ಯಾರು?"

"ಅಪ್ಪಾಜಿ."

"ಹಂಗಾದ್ರೆ ಕೈ ಕೊಟ್ಟವರೂ ಅವರೇ. ಹೊಸ ಬೀಗ ಹಾಕ್ಸೋರು ಹೊರಗಿನವರಲ್ಲ, ತಾಯಿ. ನಾವು ಊರಲ್ಲಿಲ್ಲದ ದಿನ ನಮ್ಮವರೇ ಹಾಕ್ಸೋದು. ಎಲ್ಲರೂ ಬಗ್ಗಿದ್ದಾಗ ನಾನು ನೋಡ್ದೆ. ಕಾರು ದೊರೆಗಳಿಗೆ ನಮಸ್ಕಾರ ಮಾಡ್ತು."

ದೊರೆಯ ಕೈ ತಾನಾಗಿ ನಡುಕಟ್ಟಿಗೆ ಹೋಯಿತು. ಮಗಳು ನೋಡುತ್ತಿದ್ದಳು. ಕಾರಿನ ಹೊಸ ಕೈ ಹೊರಗೆ ಬಂತು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು, ಮಗಾ. ತಿರುಗಾಟ ನಿಂತರೆ ಮದುವೆಗೆ ಒಪ್ತೀಯ ಅಂತ..."

"ಬಿಲ್ಲೆ ಸತ್ತಿರಬೇಕು ಅಂದ್ರಿ. ನಾನು ನಂಬಿ ಬಿಲ್ಲೆ ಬದಲಾಯಿಸ್ತಾ ಕೂತೆ, ಅಪ್ಪಾಜಿ. ನೀವು ಪಕ್ಕದಲ್ಲೇ ನಿಂತು ನೋಡ್ತಿದ್ರಿ."

ದೊರೆ ಮಗಳಿಂದ ಮುಖ ತಿರುಗಿಸಿ ಜವರನನ್ನು ನೋಡಿದರು. "ಆಡಿದ ಮಾತು ಆಡಿದ್ದೇ. ಮಗಳು, ಅರ್ಧ ರಾಜ್ಯ ನಿನ್ನದು," ಅಂದರು.

"ಅರ್ಧ ರಾಜ್ಯ ಎಲ್ಲಿ ಹೊತ್ಕೊಂಡು ತಿರುಗಲಿ, ಬುದ್ದಿ? ಒಂದು ಜೊತೆ ಚಪ್ಪಲಿ ಕೊಡಿಸಿ. ಸೆರೆಯಲ್ಲಿರೋರನ್ನ, ಕೆಂಚಯ್ಯನ್ನ ಬಿಟ್ಟುಬಿಡಿ. ಅಮ್ಮಣ್ಣಿಯ ಕೈ ಹಿಡಿಯೋಕೆ ನಾನು ಬರಲಿಲ್ಲ. ಅವರಿಗೆ ಅವರ ಬೀಗದ ಕೈ ಕೊಡಿ, ಸಾಕು."

ಬಿಡುಗಡೆಯಾದ ಕೆಂಚಯ್ಯನೇ ಅಂಗಳದಲ್ಲಿ ಕಾರಿಗೆ ಪಾಠ ಹೇಳಲು ಕೂತ. ರಾಜಕುಮಾರಿಯ ಬೀಗದ ಕೈಯನ್ನು ಕಾರಿನೊಳಗಿಟ್ಟು, ಬಾಗಿಲು ಹಾಕುವ ಮುಂಚೆ ಮೆಲ್ಲಗೆ ಕೇಳಿದ. "ದೊರೆಗಳ ಕೈನೂ ಒಳಗಿಡ್ಲಾ, ಅಮ್ಮಣ್ಣಿ?"

ಅವಳು ಅಪ್ಪನನ್ನು ನೋಡಿದಳು. ಕಣ್ಣು ತುಂಬಿತು, ಒರೆಸಿಕೊಂಡಳು.

"ಹೊರಗೇ ಇರಲಿ."

ಕಾರು ಹೊರಟಾಗ ಜವರ ಅವಳ ಪಕ್ಕದ ಸೀಟಿನಲ್ಲಿದ್ದ, ಗಡಿಯವರೆಗೆ. ಹಿಂತಿರುಗಿ ನೋಡಿದ. ದೊರೆ ಅಂಗಳದ ನಡುವೆ ನಿಂತು ತಮ್ಮ ಬೀಗದ ಕೈಯನ್ನು ಒತ್ತುತ್ತಲೇ ಇದ್ದರು. ಕಾರು ಕಿವಿ ನಿಮಿರಿಸಲಿಲ್ಲ.

ಗಡಿಯಲ್ಲಿಳಿದು ನಡೆದಾಗ ಹೊಸ ಚಪ್ಪಲಿ ಕಚ್ಚಿತು. ಕಚ್ಚಲಿ, ಎದುರಿಗೇ ಕಚ್ಚುತ್ತದಲ್ಲ ಅಂದುಕೊಂಡ ಜವರ.

ಕತೆ ಅಲ್ಲಿಗೆ. ಹೋಗುವಾಗ ಬಾಗಿಲು ಮುಂದಕ್ಕೆಳೆದುಕೊಳ್ಳಿ. ಬೀಗ ಮಾತ್ರ ಹಾಕಬೇಡಿ, ಯಾರಾದರೂ ಕುರಿ ಹೊಡೆದುಕೊಂಡು ಹೋದವರು ಬರಬಹುದು.