ಗೀಜಗನ ಮೊದಲ ಗಂಟು

ಒಂದಾನೊಂದು ಊರಿನಲ್ಲಿ, ಹಾಲು ಉಕ್ಕುವ ಮೊದಲೇ ಒಲೆ "ಅಕ್ಕಾ, ಓಡಿ ಬಾರೇ" ಅಂತ ಕೂಗಿ ಕರೆಯುತ್ತಿದ್ದ ಒಳ್ಳೆಯ ಕಾಲದಲ್ಲಿ, ಒಂದು ದೊಡ್ಡ ವಿದ್ಯಾಪೀಠ ಇತ್ತು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿಷಯ. ಒಬ್ಬರು ಬಿಕ್ಕಳಿಕೆ ಕಲಿಸುತ್ತಿದ್ದರು. ಒಬ್ಬರು ಸೀನು ಕಲಿಸುತ್ತಿದ್ದರು. ಇಬ್ಬರ ಕೋಣೆಯೂ ಅಕ್ಕಪಕ್ಕ. ಹಾಗಾಗಿ ಇಬ್ಬರೂ ಒಂದು ಮಾತನ್ನೂ ಪೂರ್ತಿ ಮುಗಿಸಿದವರಲ್ಲ.

ಪುಟ್ಟತಾಯಮ್ಮ ಮೇಡಂ ಕಲಿಸುತ್ತಿದ್ದುದು ಗೀಜಗನ ಗೂಡು. ಗೂಡಿನ ಬಾಯಿ ಗೊತ್ತು, ಗೂಡಿನ ಹೊಟ್ಟೆ ಗೊತ್ತು, ಗೂಡಿನ ಬಾಲ ಗೊತ್ತು. ಒಂದೇ ಒಂದು ಗೊತ್ತಿಲ್ಲ. ಗೀಜಗ ಮೊದಲ ಗಂಟು ಹೇಗೆ ಹಾಕುತ್ತೆ? ಗೂಡು ಮುಗಿದ ಮೇಲೆ ಆ ಗಂಟು ಒಳಗೆಲ್ಲೋ ಮುಚ್ಚಿಹೋಗುತ್ತೆ. ಹಾಕುವಾಗ ನೋಡೋಣ ಅಂದರೆ, ಕೆಳಗೆ ನಿಂತವರಿಗೆ ಹಕ್ಕಿಯ ಹೊಟ್ಟೆ ಅಡ್ಡ.

ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಏಳುತ್ತಿದ್ದರು.

"ಮೇಡಂ, ಮೊದಲ ಗಂಟು?"

"ಗೊತ್ತಿಲ್ಲಪ್ಪ. ಮುಂದಿನ ವರ್ಷ ಹೇಳ್ತೀನಿ."

ಹೀಗೆ ಹನ್ನೊಂದು ವರ್ಷ ಆಯಿತು. ಒಂದೇ ಪ್ರಶ್ನೆಗೆ ಹನ್ನೆರಡು ವರ್ಷ "ಗೊತ್ತಿಲ್ಲ" ಅಂದವರ ಪಾಠದ ಕೋಣೆಯಲ್ಲಿ ಈರುಳ್ಳಿ ತುಂಬಿಡುವುದು ಆ ವಿದ್ಯಾಪೀಠದ ರೂಢಿ. ಈರುಳ್ಳಿಗಳು ಆಗಲೇ ಬಂದು ಹೊಸಿಲ ಮೇಲೆ ಕೂತಿದ್ದವು.

"ಮೇಡಂ, ಕಿಟಕಿ ಪಕ್ಕ ನನಗೇ ಬೇಕು" ಅಂತು ಒಂದು.

"ಇನ್ನೂ ನಾನು ಸತ್ತಿಲ್ಲ ಕಣೇ" ಅಂದರು ಪುಟ್ಟತಾಯಮ್ಮ.

ಆ ವರ್ಷ ಗೀಜಗಗಳೆಲ್ಲ ಬೇಗ ಗೂಡು ಕಟ್ಟಿ ಮುಗಿಸಿದ್ದವು. ಬಾವಿ ಪಕ್ಕದ ಜಾಲಿ ಮರದಲ್ಲಿ ಒಂದೇ ಒಂದು ಸೋಮಾರಿ ಹಕ್ಕಿ ಉಳಿದಿತ್ತು.

"ಯಾವಾಗಪ್ಪ ಶುರು ಮಾಡ್ತೀಯಾ?"

"ಸೋಮವಾರ ಮೇಡಂ."

"ಯಾವ ಸೋಮವಾರ?"

"ಬರೋ ಸೋಮವಾರ."

ಗಂಡಸರು ಹೇಳುವ ಸೋಮವಾರ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಆದರೂ ಪುಟ್ಟತಾಯಮ್ಮ ನಂಬಿದರು. ಬೇರೆ ಹಕ್ಕಿ ಎಲ್ಲಿತ್ತು?

ಅಷ್ಟರಲ್ಲಿ ಡಂಗುರ ಬಂತು. "ಕಲಿಸುವವರಿಗೂ ಹುಡುಕುವವರಿಗೂ ಮೊಟಕರಾಜರ ಅನುದಾನ! ಕೇಳಿದವರಿಗೆ ಕೇಳಿದ್ದು!" ಪುಟ್ಟತಾಯಮ್ಮ ಕೇಳಿದ್ದು ಒಂದು ಏಣಿ. ಕೊಂಬೆ ಹನ್ನೆರಡು ಮೆಟ್ಟಿಲು ಎತ್ತರದಲ್ಲಿತ್ತು, ಅದಕ್ಕೆ ಹನ್ನೆರಡು ಮೆಟ್ಟಿಲ ಏಣಿ.

ಅರಮನೆಯಲ್ಲಿ ಗುಮಾಸ್ತ ಬೋರಲಿಂಗಯ್ಯ ಅರ್ಜಿಯನ್ನು ಮೂಸಿ ನೋಡಿದ.

"ಏಣಿ ಯಾಕ್ರೀ ಮೇಡಂ?"

"ಹತ್ತೋಕೆ."

"ಹತ್ತಿ?"

"ನೋಡೋಕೆ."

"ನೋಡಿದ ಮೇಲೆ ಏನು ಕಾಣುತ್ತೆ ಅಂತ ಬರೆದೇ ಇಲ್ವಲ್ಲ?"

"ಅದು ಗೊತ್ತಿದ್ದಿದ್ರೆ ಏಣಿ ಯಾಕೆ ಕೇಳ್ತಿದ್ದೆ?"

"ನೋಡಿ, ಎಲ್ಲಾ ಮೇಷ್ಟರೂ ಇದೇ ತಪ್ಪು ಮಾಡೋದು. ಹೋಗಲಿ, ಮೂರು ದರಪಟ್ಟಿ ತನ್ನಿ. ಮೂರು ಬಡಗಿ, ಮೂರು ಚೀಟಿ. ಯಾರು ಕಡಿಮೆ ಬರೀತಾರೋ ಅವರದ್ದೇ ಏಣಿ."

ಮೊಟಕರಾಜನಿಗೆ ಲೋಕದಲ್ಲಿ ಇಷ್ಟವಾದದ್ದು ಒಂದೇ ಮಾತು, "ಕಡಿಮೆ". ಬೆಳಗ್ಗೆ ಎದ್ದರೆ ಕಡಿಮೆ ದೋಸೆ, ಕಡಿಮೆ ಚಟ್ನಿ. ಅವನ ಕಿರೀಟಕ್ಕೆ ಮುಂಭಾಗ ಮಾತ್ರ ಇತ್ತು.

ಮೊದಲ ಬಡಗಿ ಬರೆದ, "ಹನ್ನೆರಡು ಮೆಟ್ಟಿಲು, ಹನ್ನೆರಡು ತೆಂಗಿನಕಾಯಿ." ಎರಡನೆಯವನು ಇಣುಕಿ ನೋಡಿ ಬರೆದ, "ಆರು ಮೆಟ್ಟಿಲು, ಆರು ಕಾಯಿ." ಮೂರನೆಯವನು ಇಬ್ಬರದನ್ನೂ ಇಣುಕಿ ನೋಡಿ ಬರೆದ, "ಮೆಟ್ಟಿಲೂ ಇಲ್ಲ, ಕಾಯಿಯೂ ಬೇಡ."

"ಆಹಾ!" ಅಂದ ರಾಜ. "ಇವನೇ ಬಡಗಿ!"

ಏಣಿ ಬಂತು. ಎರಡು ಉದ್ದನೆಯ ಬಿದಿರು ಗಳ, ಅಷ್ಟೇ.

"ಅಮ್ಮಾ, ನಮ್ಮನ್ನ ಏಣಿ ಅಂತ ಕರೀಬೇಡಿ, ನಾಚಿಕೆ ಆಗುತ್ತೆ" ಅಂತು ಒಂದು ಗಳ. "ನಮ್ಮಿಬ್ಬರಿಗೂ ಪರಿಚಯವೇ ಇಲ್ಲ."

ಶನಿವಾರ ಆಗಿಹೋಗಿತ್ತು. ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ನೇರ ರಾಜನ ಮುಂದೆ ಹೋಗಿ ನಿಂತರು.

"ಬುದ್ಧಿ, ಏಣಿಗೆ ಮೆಟ್ಟಿಲೇ ಇಲ್ಲ."

"ಹಾಗಾದ್ರೆ ಯಾವತ್ತೂ ಮುರಿಯಲ್ಲ ತಾಯಿ."

"ಹತ್ತೋದು ಹೇಗೆ?"

ರಾಜ ಯೋಚನೆ ಮಾಡಿದ. ಕಡಿಮೆಯೇ ಮಾಡಿದ. "ನಿಮ್ಮ ಕಷ್ಟ ಏಣಿಯದ್ದಲ್ಲ ತಾಯಿ, ಎತ್ತರದ್ದು. ಎತ್ತರವನ್ನೇ ಕಡಿಮೆ ಮಾಡೋಣ. ಬೋರಲಿಂಗಯ್ಯ, ಮೂರು ಮರಗಳ ದರಪಟ್ಟಿ ತರಿಸು. ಯಾರು ಹೆಚ್ಚು ಬಗ್ತಾರೋ ಕೆಲಸ ಅವರಿಗೆ."

ತೆಂಗಿನ ಮರ "ನಿಮ್ಮ ತಲೆವರೆಗೆ ಬಗ್ಗುತ್ತೀನಿ" ಅಂತು. ಬೇವಿನ ಮರ "ಸೊಂಟದವರೆಗೆ" ಅಂತು. ಜಾಲಿ ಮರಕ್ಕೆ ರೋಷ ಬಂತು. ಗೀಜಗ ಇರುವುದು ನನ್ನ ಮೈಮೇಲೆ, ಇವರ್‍ಯಾರು ಮಧ್ಯದಲ್ಲಿ ಅಂತ ಬಗ್ಗಿತು, ಬಗ್ಗಿತು, ಕೊಂಬೆಯನ್ನು ನೆಲಕ್ಕೇ ಹಾಸಿಬಿಟ್ಟಿತು.

"ಇದಕ್ಕಿಂತ ಕಡಿಮೆ ಯಾರಾದ್ರೂ ಇದ್ದೀರಾ?" ಅಂತ ರಾಜ ಆಸೆಯಿಂದ ಕೇಳಿದ.

"ನಾನಿದ್ದೀನಿ" ಅಂತು ಪಕ್ಕದ ಬಾವಿ. "ನಾನು ಹುಟ್ಟಿದಾಗಿಂದ ಕೆಳಗೇ ಇದ್ದೀನಿ. ಆ ಕೊಂಬೆಯನ್ನ ನನ್ನೊಳಗೆ ಇಳಿಬಿಡಿ."

ರಾಜ ಕುಣಿದಾಡಿದ. ಕೊಂಬೆ ಬಾವಿಯೊಳಗೆ ಇಳಿಯಿತು. ಬೋರಲಿಂಗಯ್ಯ ಮುದ್ರೆ ಒತ್ತಿದ.

ಪುಟ್ಟತಾಯಮ್ಮ ತಲೆ ಮೇಲೆ ಕೈ ಹೊತ್ತುಕೊಂಡು ಬಾವಿ ಕಟ್ಟೆಗೆ ಒರಗಿದರು. ಬಗ್ಗಿ ನೋಡಿದರು. ಕೊಂಬೆ ಕೆಳಗೆ, ತಾವು ಮೇಲೆ. ಎಲಾ! ಮೇಲಿನಿಂದ ನೋಡಿದರೆ ಹಕ್ಕಿಯ ಹೊಟ್ಟೆ ಎಲ್ಲಿಂದ ಅಡ್ಡ ಬರಬೇಕು?

ಸೋಮವಾರ ಬಂತು. ಗೀಜಗನೂ ಬಂತು, ಬಾಯಲ್ಲಿ ಒಂದು ಎಳೆ ಹುಲ್ಲು ಕಚ್ಚಿಕೊಂಡು.

"ಯಾರ್‍ರೀ ನನ್ನ ಕೊಂಬೆಯನ್ನ ಬಾವಿಗಿಟ್ಟೋರು?"

"ಸರ್ಕಾರದವರು."

"ಇರಲಿ ಬಿಡಿ, ತಂಪಾಗಿದೆ."

ಪುಟ್ಟತಾಯಮ್ಮ ಉಸಿರು ಬಿಗಿಹಿಡಿದು ಬಗ್ಗಿದರು. ಹಕ್ಕಿ ಹುಲ್ಲನ್ನು ಕೊಂಬೆಗೆ ಒಂದು ಸುತ್ತು ಸುತ್ತಿತು, ಆಯಿತು ಅಂತು. ಅಷ್ಟರಲ್ಲಿ ಹೆಣ್ಣು ಹಕ್ಕಿ ಬಂತು. ಕೊಕ್ಕಿನಿಂದ ಒಂದು ಸಲ ಎಳೆಯಿತು. ಗಂಟು ಬಿಚ್ಚಿಕೊಂಡು ನೀರಿಗೆ ಬಿತ್ತು.

"ಇದು ಗಂಟಾ? ಇದರಲ್ಲಿ ನಾನು ಮಕ್ಕಳು ಸಾಕಬೇಕಾ?"

ಗಂಡು ಇನ್ನೊಂದು ಹಾಕಿತು. ಹೆಣ್ಣು ಅದನ್ನೂ ಕಿತ್ತು ಎಸೆಯಿತು. ಗುಮಾಸ್ತನ ಜೊತೆ ಬಂದು ಮೇಲಿನಿಂದ ಇಣುಕುತ್ತಿದ್ದ ರಾಜನಿಗೆ ತಡೆಯಲಾಗಲಿಲ್ಲ.

"ಏನಮ್ಮಾ, ಮೊದಲನೆಯದಕ್ಕೆ ಒಂದೇ ಸುತ್ತು ಸಾಕಿತ್ತು. ಅದೇ ಕಡಿಮೆ. ಅದನ್ನೇ ಇಟ್ಕೋಬಾರದಾ?"

ಹೆಣ್ಣು ಹಕ್ಕಿ ಕತ್ತೆತ್ತಿ ನೋಡಿತು. "ಮೊಟ್ಟೆ ಇಡೋಳು ನಾನೋ ನೀನೋ?"

ರಾಜ ಬೋರಲಿಂಗಯ್ಯನ ಮುಖ ನೋಡಿದ. ಬೋರಲಿಂಗಯ್ಯ ಕಾಗದಗಳನ್ನೆಲ್ಲ ಮಗುಚಿ ಹಾಕಿದ. "ಮಹಾಸ್ವಾಮಿ, ಮೊಟ್ಟೆ ಇಡೋರು ಯಾರು ಅಂತ ಕೇಳೋ ಜಾಗವೇ ನಮ್ಮ ಅರ್ಜಿಯಲ್ಲಿಲ್ಲ." ಅವತ್ತಿನಿಂದ ಒಂದು ವಾರ ರಾಜ ಹೊಟ್ಟೆ ತುಂಬ ದೋಸೆ ತಿಂದನಂತೆ. ಬೇಜಾರಿಗೋ ಬುದ್ಧಿ ಬಂದೋ, ಹೇಳಿದವರಿಲ್ಲ.

ಮೂರನೆಯ ಗಂಟು ಬಂತು. ಈ ಸಲ ಗೀಜಗ ಆತುರ ಮಾಡಲಿಲ್ಲ. ಎಳೆಯನ್ನು ಎರಡು ಸುತ್ತು ಸುತ್ತಿತು. ಕಾಲಲ್ಲಿ ಅದುಮಿ ಹಿಡಿಯಿತು. ತುದಿಯನ್ನು ಕೊಕ್ಕಿನಿಂದ ಸುತ್ತಿನೊಳಗೆ ತೂರಿಸಿ ಆ ಕಡೆಯಿಂದ ಎಳೆಯಿತು. ಹೆಣ್ಣು ಜಗ್ಗಿತು. ಬರಲಿಲ್ಲ. ಮತ್ತೆ ಜಗ್ಗಿತು. ಬರಲಿಲ್ಲ.

"ಹ್ಞೂಂ" ಅಂತು.

ಪುಟ್ಟತಾಯಮ್ಮನ ಕಣ್ಣಿಂದ ಒಂದು ಹನಿ ಬಾವಿಗೆ ಬಿತ್ತು. "ಉಪ್ಪು ಹಾಕ್ಬೇಡಿ ಮೇಡಂ, ಕುಡಿಯೋ ನೀರು" ಅಂತು ಬಾವಿ.

ಮಾರನೆಯ ದಿನ ಪಾಠ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಮೊದಲ ಗಂಟು?"

ಪುಟ್ಟತಾಯಮ್ಮ ಒಂದು ಹುಲ್ಲು ತಗೊಂಡು, ಬಳಪಕ್ಕೆ ಎರಡು ಸುತ್ತು ಸುತ್ತಿ, ತೂರಿಸಿ, ಎಳೆದು ತೋರಿಸಿದರು. ಹೆಣ್ಣು ಹಕ್ಕಿ ಮೊದಲೆರಡು ಗಂಟು ಕಿತ್ತೆಸೆದದ್ದನ್ನೂ ಹೇಳಿದರು. ಹೊಸಿಲ ಮೇಲಿನ ಈರುಳ್ಳಿಗಳು ಗೊಣಗಿಕೊಂಡು ಎದ್ದು ಬಿಕ್ಕಳಿಕೆ ಮೇಷ್ಟರ ಕೋಣೆ ಕಡೆ ಉರುಳಿಕೊಂಡು ಹೋದವು.

ಹುಡುಗಿ ಕೂರಲಿಲ್ಲ. "ಮೇಡಂ, ಮೊದಲೆರಡು ಗಂಟು ಸರಿಯಿಲ್ಲ ಅಂತ ಹೆಣ್ಣು ಹಕ್ಕಿಗೆ ಹೇಗೆ ಗೊತ್ತಾಯ್ತು? ಅದಕ್ಕೆ ಯಾರು ಕಲಿಸಿದ್ರು?"

ಪುಟ್ಟತಾಯಮ್ಮ ಹೊಸ ಸೀರೆ ಸಿಕ್ಕವರ ಹಾಗೆ ಮುಖ ಅರಳಿಸಿಕೊಂಡು ಹೇಳಿದರು.

"ಗೊತ್ತಿಲ್ಲ ಕಂದಾ!"

ಹೊಸ ಪ್ರಶ್ನೆ. ಹೊಸ ಹನ್ನೆರಡು ವರ್ಷ. ಇದು ಮೊದಲನೆಯದು.

ಇದರ ನೀತಿ ಬೇಕೇ ಬೇಕು ಅನ್ನುವವರಿಗೆ: ಹೆಂಡತಿ ಜಗ್ಗಿ ನೋಡದ ಗಂಟಿನ ಕೆಳಗೆ ಯಾರೂ ಮಲಗಬೇಡಿ. ಅವರ ಊರಲ್ಲಿ ಅವರು ಇನ್ನೂ ಹುಡುಕುತ್ತಿದ್ದಾರೆ, ನಮ್ಮ ಊರಲ್ಲಿ ನೀವು ಆಗಲೇ ಆಕಳಿಸುತ್ತಿದ್ದೀರಿ. ಕತೆ ಮಡಚಿಟ್ಟೆ, ಕಣ್ಣು ಮುಚ್ಚಿ.