ಕಿವಿತಮಟೆ ಮತ್ತು ಬೆಳ್ಳುಳ್ಳಿ ಎಣ್ಣೆ

ಇದನ್ನು ನನಗೆ ಮೊದಲು ಹೇಳಿದವರು ಮಕ್ಕಳ ವಾರ್ಡಿನ ನರ್ಸ್ ಫಿಲೋಮಿನಕ್ಕ.

ನೆಗಡಿಯಾದ ಮಗುವೊಂದು ಕಿವಿ ಹಿಡಿದುಕೊಂಡು ಅಳುತ್ತಿತ್ತು. ಅಜ್ಜಿ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟರು. ಎಣ್ಣೆ ಠೀವಿಯಿಂದ ಇಳಿದು, "ತಮಟೆಯಮ್ಮ, ದಾರಿ ಬಿಡಿ. ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಂದಿದ್ದೇನೆ" ಎಂದಿತು.

ಕಿವಿತಮಟೆ ಸಿಡುಕಿತು: "ನಾನು ಬಾಗಿಲಲ್ಲ ಮಾರಾಯ, ಗೋಡೆ! ಆ ಕಳ್ಳ ಮೂಗಿನ ಕಡೆಯಿಂದ ನುಗ್ಗಿ ನನ್ನ ಬೆನ್ನ ಹಿಂದೆ ಕೀವು ತುಂಬುತ್ತಿದ್ದಾನೆ. ನೀನು ಈಚೆಯಿಂದ ನನ್ನನ್ನೇ ಸುಡುತ್ತಿದ್ದೀಯ."

ಗೋಡೆಯಾಚೆ ಬ್ಯಾಕ್ಟೀರಿಯಾ ನಕ್ಕಿತು: "ಎಣ್ಣೆಯಣ್ಣ, ದಿನಾ ಬನ್ನಿ. ನೀವು ಬರುವಷ್ಟು ದಿನ ಯಾರೂ ಮಗುವನ್ನು ಡಾಕ್ಟರ ಬಳಿ ಒಯ್ಯುವುದಿಲ್ಲ."

ಎಣ್ಣೆ ದಿನಾ ಬಂತು. ಕೊನೆಗೆ ತಮಟೆ ಹರಿದು ಕೀವು ಸೋರಿತು. ಒಳಗಿನ ಒತ್ತಡ ತಗ್ಗಿದ್ದರಿಂದ ನೋವಿಳಿದು ಮಗು ಸುಮ್ಮನಾಯಿತು.

"ನೋಡಿದಿರಾ, ಎಣ್ಣೆಯ ಗುಣ!" ಎಂದರು ಅಜ್ಜಿ.

ನಿಮ್ಮ ಕಿವಿ ನೆಟ್ಟಗಿದ್ದರೆ, ಎಣ್ಣೆ ಕಾಯಿಸುವ ಮನೆಗಳಿಗೆಲ್ಲ ಇದನ್ನು ಮುಟ್ಟಿಸಿ.